ಹೊಳೆ ದಂಡೆಯ ಹಳೇ ಊರುಗಳು: ದೇವಸಮುದ್ರದಿಂದ ಪರಶುರಾಂಪುರದವರೆಗೆ ಒಳರಸ್ತೆಯ ಮಾಹಿತಿ

ಮೊಳಕಾಲ್ಮುರು/ಚಳ್ಳಕೆರೆ: ಬಳ್ಳಾರಿ ಕಡೆಯಿಂದ ಚಳ್ಳಕೆರೆ, ಹಿರಿಯೂರಿಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 150ಎ ನಲ್ಲಿ ದಿನಕ್ಕೆ ಎಷ್ಟು ಗಾಡಿ ಓಡಾಡ್ತವೋ ಲೆಕ್ಕ ಇಟ್ಟವರಿಲ್ಲ. ರಾಂಪುರ, ಹಾನಗಲ್, ಬಿ.ಜಿ.ಕೆರೆ, ತಳಕು ಅಂತ ಬೋರ್ಡುಗಳು ಬಂದು ಹೋಗ್ತವೆ. ಟೀ ಕುಡಿಯೋಕೆ ನಿಲ್ಲಿಸಿದ ಬೇರೆ ಊರಿನವರು "ಇಲ್ಲಿ ನೋಡೋಕೆ ಏನೈತೆ?" ಅಂತ ಕೇಳಿದ್ರೆ ಅಂಗಡಿಯವರು ಬಹುಪಾಲು ಹೇಳೋದು ಚಿತ್ರದುರ್ಗದ ಕೋಟೆ ಇಲ್ಲವೇ ಹಂಪಿ. ಆದರೆ ಹೆದ್ದಾರಿ ಬಿಟ್ಟು ಕೆಲವೇ ಕಿಲೋಮೀಟರ್ ಒಳಗೆ ಹೋದರೆ ಎರಡು ಸಾವಿರದ ಇನ್ನೂರು ವರ್ಷಕ್ಕೂ ಹಿಂದಿನ ಸರ್ಕಾರಿ ಆದೇಶ ಬಂಡೆ ಮೇಲೆ ಇಂದಿಗೂ ಓದುವ ಹಾಗೆ ಇದೆ. ಆ ಆದೇಶ ಬಂದದ್ದು ಒಂದು ಹಳ್ಳದ ದಂಡೆಯ ಊರಿಗೆ. ಆ ಊರು ಈಗ ಇಲ್ಲ, ಹಳ್ಳ ಇದೆ.

ಎರಡೂ ತಾಲ್ಲೂಕುಗಳ ಹೊಳೆ ದಂಡೆಯ ಹಳೇ ಊರುಗಳು, ಅವುಗಳನ್ನು ಕೂಡಿಸುವ ಒಳರಸ್ತೆಗಳು, ಹೋಗುವ ಮುನ್ನ ತಿಳಿದಿರಬೇಕಾದ ಸಂಗತಿಗಳ ವಿವರ ಇಲ್ಲಿದೆ. ಊರಿನವರಿಗೂ, ದಾರಿ ಕೇಳಿದವರಿಗೆ ಉತ್ತರ ಹೇಳಬೇಕಾದ ಅಂಗಡಿಯವರಿಗೂ ಇದು ಉಪಯೋಗಕ್ಕೆ ಬಂದೀತು.

ಮೊದಲು ಹೊಳೆಗಳ ಪರಿಚಯ

ಈ ಭಾಗದಲ್ಲಿ ಎರಡು ಹೊಳೆ. ದೊಡ್ಡದು ವೇದಾವತಿ. ಚಿಕ್ಕಮಗಳೂರಿನ ಬಾಬಾಬುಡನ್ ಗಿರಿ ಸಾಲಿನಲ್ಲಿ ಹುಟ್ಟುವ ವೇದಾ ಮತ್ತು ಅವತಿ ಕಡೂರು ಸಮೀಪ ಕೂಡಿ ವೇದಾವತಿ ಆಗುತ್ತವೆ. ಹೊಸದುರ್ಗ ತಾಲ್ಲೂಕು ದಾಟಿ ಮಾರಿಕಣಿವೆಯಲ್ಲಿ ನಿಂತು, ಹಿರಿಯೂರು, ಚಳ್ಳಕೆರೆ ತಾಲ್ಲೂಕುಗಳ ಮೂಲಕ ಆಂಧ್ರದ ಅನಂತಪುರ ಜಿಲ್ಲೆಗೆ ಹೊಕ್ಕು, ಮತ್ತೆ ಬಳ್ಳಾರಿ ಸೀಮೆಗೆ ಬಂದು ಸಿರುಗುಪ್ಪ ತಾಲ್ಲೂಕಿನಲ್ಲಿ ತುಂಗಭದ್ರೆ ಸೇರುತ್ತದೆ. ಕೆಳಗಿನ ಸೀಮೆಯಲ್ಲಿ ಇದಕ್ಕೇ ಹಗರಿ ಅಂತ ಹೆಸರು.

ಚಿಕ್ಕದು ಚಿನ್ನಹಗರಿ. ಹಳೇ ದಾಖಲೆಗಳಲ್ಲಿ ಇದಕ್ಕೆ ಜನಗ ಹಳ್ಳ ಎಂಬ ಹೆಸರೂ ಇದೆ. ಮೊಳಕಾಲ್ಮುರು ತಾಲ್ಲೂಕಿನ ರಂಗಯ್ಯನದುರ್ಗ ಜಲಾಶಯ ಕಟ್ಟಿರೋದು ಇದಕ್ಕೇ ಅಡ್ಡವಾಗಿ. ಮುಂದೆ ಇದು ವೇದಾವತಿಗೆ ಸೇರುತ್ತದೆ. ಹೆಸರಿನಲ್ಲಿ ಒಂದು ಗೊಂದಲ ಆಗಾಗ ಆಗ್ತದೆ. ಹಗರಿಬೊಮ್ಮನಹಳ್ಳಿ ಕಡೆಯ ಚಿಕ್ಕಹಗರಿ ಬೇರೆ, ಅದು ನೇರವಾಗಿ ತುಂಗಭದ್ರೆಗೆ ಹೋಗುವ ಹಳ್ಳ. ನಮ್ಮ ಚಿನ್ನಹಗರಿಗೂ ಅದಕ್ಕೂ ಸಂಬಂಧ ಇಲ್ಲ.

ಎರಡೂ ವರ್ಷಪೂರ್ತಿ ಹರಿಯುವ ಹೊಳೆಗಳಲ್ಲ. ರಾಜ್ಯದಲ್ಲೇ ಅತಿ ಕಡಿಮೆ ಮಳೆ ಬೀಳುವ ತಾಲ್ಲೂಕುಗಳ ಸಾಲಿನಲ್ಲಿ ಇವೆರಡೂ ಇವೆ. ಅದಕ್ಕೇ ಈ ಕಡೆ ಹೊಳೆ "ಹರಿಯಿತು" ಅನ್ನೋದಕ್ಕಿಂತ "ಹೊಳೆ ಬಂತು" ಅನ್ನೋ ಮಾತು ಜಾಸ್ತಿ. ನೆಂಟರು ಬಂದ ಹಾಗೆ. ಬಂದರೆ ಬಂತು, ಇಲ್ಲದಿದ್ದರೆ ಬರೀ ಮರಳು.

ಊರ ಹೆಸರುಗಳೂ ಇದೇ ಮಾತು ಹೇಳ್ತವೆ. ದೇವಸಮುದ್ರ, ಗೌರಸಮುದ್ರ, ಕೋನಸಾಗರ, ಬೊಮ್ಮಗೊಂಡನಕೆರೆ, ಚಳ್ಳಕೆರೆ, ಬೆಳಗೆರೆ. ಸಮುದ್ರ, ಸಾಗರ ಅಂದರೆ ಇಲ್ಲಿ ಕೆರೆ ಅಂತಲೇ ಅರ್ಥ. ಬಂದ ನೀರನ್ನು ನಿಲ್ಲಿಸಿಕೊಂಡವರೇ ಊರು ಕಟ್ಟಿದರು. ಈ ದಾರಿಯಲ್ಲಿ ತಿರುಗುವವರು ಹೊಳೆಯ ಜೊತೆಗೆ ಕೆರೆ ಏರಿಯನ್ನೂ ನೋಡಿಕೊಂಡು ಹೋದರೆ ಊರುಗಳ ಚರಿತ್ರೆ ಅರ್ಧ ತಿಳಿದ ಹಾಗೆ.

ದೇವಸಮುದ್ರ ಹೋಬಳಿ: ಶುರು ಇಲ್ಲಿಂದ

ಮೊಳಕಾಲ್ಮುರು ತಾಲ್ಲೂಕಿಗೆ ಇರೋದು ಎರಡೇ ಹೋಬಳಿ: ಕಸಬಾ ಮತ್ತು ದೇವಸಮುದ್ರ. ರಾಂಪುರದ ಕಡೆಯಿಂದ ದೇವಸಮುದ್ರಕ್ಕೆ ಒಳರಸ್ತೆ ಇದೆ. ಸುತ್ತ ಬಂಡೆ ಗುಡ್ಡಗಳು, ನಡುವೆ ಶೇಂಗಾ ಹೊಲ, ಅಲ್ಲಲ್ಲಿ ಕುರಿ ಹಟ್ಟಿ. ಕನ್ನಡದ ಜೊತೆ ತೆಲುಗು ಸಲೀಸಾಗಿ ನಡೆಯುವ ಸೀಮೆ ಇದು.

ಅದಕ್ಕೆ ಕಾರಣ ಗಡಿ. ಮೊಳಕಾಲ್ಮುರು ಹಳೇ ಮೈಸೂರು ಸಂಸ್ಥಾನದ ಉತ್ತರದ ತುದಿ. ಬಳ್ಳಾರಿ, ರಾಯದುರ್ಗ ಎರಡೂ ಆಗ ಮದ್ರಾಸ್ ಪ್ರಾಂತ್ಯಕ್ಕೆ ಸೇರಿದ್ದವು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಆದಾಗ ಬಳ್ಳಾರಿ ಮೈಸೂರಿಗೆ ಬಂತು, ರಾಯದುರ್ಗ ತಾಲ್ಲೂಕು ಆಂಧ್ರಕ್ಕೆ ಹೋಯ್ತು. ನಕ್ಷೆಯಲ್ಲಿ ಗೆರೆ ಬಿದ್ದರೂ ಸಂತೆ, ನೆಂಟಸ್ತಿಕೆ, ಕೂಲಿ ಕೆಲಸ ಯಾವುದೂ ಆ ಗೆರೆ ನೋಡಿ ನಿಂತಿಲ್ಲ.

ಸಿದ್ದಾಪುರ, ಬ್ರಹ್ಮಗಿರಿ: ಇಸಿಲ ಎಂಬ ಊರು

ಇದೇ ಹೋಬಳಿಯ ಅಶೋಕ ಸಿದ್ದಾಪುರ ಚಿನ್ನಹಗರಿಯ ಬದಿಯ ಊರು. 1892ರಲ್ಲಿ ಮೈಸೂರು ಸಂಸ್ಥಾನದ ಬಿ.ಎಲ್. ರೈಸ್ ಅವರು ಇಲ್ಲಿ ಮೂರು ಕಡೆ ಅಶೋಕನ ಕಿರು ಶಾಸನಗಳನ್ನು ಪತ್ತೆ ಮಾಡಿದರು. ಬ್ರಹ್ಮಗಿರಿಯಲ್ಲಿ ಒಂದು, ಸಿದ್ದಾಪುರದ ಹತ್ತಿರದ ಗುಂಡಿನ ಮೇಲೆ ಒಂದು, ಜಟಂಗಿ ರಾಮೇಶ್ವರ ಬೆಟ್ಟದ ಮೇಲೆ ಒಂದು. ಇಷ್ಟು ಹತ್ತಿರ ಹತ್ತಿರ ಮೂರು ಕಡೆ ಒಂದೇ ಆದೇಶ ಕೆತ್ತಿಸಿದ ಜಾಗಗಳು ದೇಶದಲ್ಲಿ ಅಪರೂಪ.

ಶಾಸನದ ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮಿ. ಕ್ರಿ.ಪೂ. ಮೂರನೇ ಶತಮಾನದ ನಡುಭಾಗದ್ದು. ಸುವರ್ಣಗಿರಿಯಲ್ಲಿದ್ದ ರಾಜಕುಮಾರ ಮತ್ತು ಅಲ್ಲಿನ ಅಧಿಕಾರಿಗಳು ಇಸಿಲದ ಅಧಿಕಾರಿಗಳಿಗೆ, ಅಂದರೆ ಮಹಾಮಾತ್ರರಿಗೆ, ಕ್ಷೇಮ ಕೇಳಿ ಕಳಿಸಿದ ಆದೇಶ ಇದು. ಈಗಿನ ಭಾಷೆಯಲ್ಲಿ ಹೇಳೋದಾದ್ರೆ ಮೇಲಿನ ಕಚೇರಿಯಿಂದ ಕೆಳಗಿನ ಕಚೇರಿಗೆ ಬಂದ ಸುತ್ತೋಲೆ. ವಿಷಯ ಸರಳ: ತಂದೆ ತಾಯಿ ಮಾತು ಕೇಳಬೇಕು, ಜೀವಿಗಳ ಮೇಲೆ ದಯೆ ಇರಬೇಕು, ಸತ್ಯ ನುಡಿಯಬೇಕು, ಶಿಷ್ಯ ಗುರುವನ್ನು ಗೌರವಿಸಬೇಕು, ನೆಂಟರೊಡನೆ ಸರಿಯಾಗಿ ನಡೆದುಕೊಳ್ಳಬೇಕು.

ಕೊನೆಯಲ್ಲಿ ಬರೆದವನ ಹೆಸರಿದೆ: ಚಪಡ. ತಾನು ಲಿಪಿಕಾರ ಅನ್ನೋದನ್ನು ಮಾತ್ರ ಅವನು ಖರೋಷ್ಠಿ ಲಿಪಿಯಲ್ಲಿ, ಬಲದಿಂದ ಎಡಕ್ಕೆ ಬರೆದಿದ್ದಾನೆ. ಖರೋಷ್ಠಿ ನಡೆಯುತ್ತಿದ್ದದ್ದು ಈಗಿನ ಪಾಕಿಸ್ತಾನ, ಅಫ್ಘಾನಿಸ್ತಾನದ ಕಡೆ. ಅಷ್ಟು ದೂರದ ಬರವಣಿಗೆ ಕಲಿತವನೊಬ್ಬ ಚಿನ್ನಹಗರಿ ದಂಡೆವರೆಗೆ ಬಂದು ಬಂಡೆ ಮೇಲೆ ತನ್ನ ಗುರುತು ಬಿಟ್ಟು ಹೋಗಿದ್ದಾನೆ.

ಇಸಿಲ ಅನ್ನೋದು ಬ್ರಹ್ಮಗಿರಿಯ ಬುಡದಲ್ಲಿದ್ದ ಊರು ಎಂಬುದು ವಿದ್ವಾಂಸರ ಅಭಿಪ್ರಾಯ. ಇಲ್ಲಿ ಮೊದಲು ಅಗೆತ ಮಾಡಿಸಿದವರು ಮೈಸೂರಿನ ಡಾ. ಎಂ.ಎಚ್. ಕೃಷ್ಣ. 1947ರಲ್ಲಿ ಮಾರ್ಟಿಮರ್ ವೀಲರ್ ನೇತೃತ್ವದಲ್ಲಿ ಮತ್ತೆ ಉತ್ಖನನ ನಡೆಯಿತು. ಒಂದರ ಮೇಲೊಂದು ಮೂರು ಕಾಲದ ಪದರ ಸಿಕ್ಕವು. ತಳದಲ್ಲಿ ನುಣುಪು ಮಾಡಿದ ಕಲ್ಲು ಕೊಡಲಿಯ ಜನ, ಅದರ ಮೇಲೆ ಕಬ್ಬಿಣ ಬಳಸಿ ಬೃಹತ್ ಶಿಲಾ ಸಮಾಧಿ ಕಟ್ಟಿದವರು, ಆಮೇಲೆ ಶಾತವಾಹನರ ಕಾಲದವರು. ದಕ್ಷಿಣ ಭಾರತದ ಇತಿಹಾಸಪೂರ್ವ ಕಾಲದ ಲೆಕ್ಕ ಹಿಡಿಯೋಕೆ ಈ ಅಗೆತ ಅಳತೆಗೋಲಾಯ್ತು. ಇಂದಿಗೂ ಪುರಾತತ್ವ ಓದುವ ಮಕ್ಕಳ ಪಠ್ಯದಲ್ಲಿ ಬ್ರಹ್ಮಗಿರಿ ಹೆಸರಿದೆ.

ಚಪ್ಪಡಿ ನಿಲ್ಲಿಸಿ ಪೆಟ್ಟಿಗೆ ಹಾಗೆ ಮಾಡಿ, ಒಂದು ಚಪ್ಪಡಿಗೆ ದುಂಡನೆ ಕಿಂಡಿ ಕೊರೆದ ಸಮಾಧಿಗಳು ಈ ಸುತ್ತಿನಲ್ಲಿ ನೂರಾರು ಇದ್ದವು. ಹೊಲದ ಬದುವಿನಲ್ಲಿ ದುಂಡಗೆ ಇಟ್ಟ ಕಲ್ಲುಗಳು ಕಂಡರೆ ಅವು ಯಾರೋ ರಾಶಿ ಹಾಕಿದ ಕಲ್ಲಲ್ಲ. ಬಂಡೆ ಒಡೆಯುವಾಗ, ಹೊಲ ಹಸನು ಮಾಡುವಾಗ ಮೊದಲು ಹೋಗೋದು ಇವೇ. ಶಾಸನಕ್ಕೆ ಬೋರ್ಡ್ ಇದೆ, ಇವಕ್ಕೆ ಬಹುಕಡೆ ಅದೂ ಇಲ್ಲ.

ಜಟಂಗಿ ರಾಮೇಶ್ವರ: ಬಳೆಗಾರರ ಗುಂಡು

ಸೀತೆಯನ್ನು ಹೊತ್ತೊಯ್ಯುತ್ತಿದ್ದ ರಾವಣನನ್ನು ಜಟಾಯು ತಡೆದು ಬಿದ್ದ ಜಾಗ ಇದೇ ಅನ್ನೋದು ಜಟಂಗಿ ರಾಮೇಶ್ವರ ಬೆಟ್ಟದ ಬಗ್ಗೆ ಜನರ ನಂಬಿಕೆ. ಮೇಲೆ ರಾಮೇಶ್ವರ ದೇವಸ್ಥಾನ ಇದೆ. ಹತ್ತೋದು ಸುಲಭ ಅಲ್ಲ. ಬೆಳಗ್ಗೆ ಬಿಸಿಲೇರುವ ಮೊದಲು ಹತ್ತಿ ಇಳಿಯೋದು ಒಳ್ಳೇದು. ಮೇಲೆ ನಿಂತರೆ ಹಳ್ಳದ ಜಾಡು, ಕೆರೆಗಳು, ಗಡಿಯಾಚೆಯ ರಾಯದುರ್ಗದ ಗುಡ್ಡಗಳ ದಿಕ್ಕು ಎಲ್ಲಾ ಒಂದೇ ನೋಟಕ್ಕೆ ಸಿಗ್ತವೆ.

ಇಲ್ಲಿನ ಶಾಸನದ ಬಗ್ಗೆ ವ್ಯಾಪಾರಸ್ಥರು ತಿಳಿದಿರಬೇಕಾದ ಒಂದು ವಿಷಯ ಇದೆ. ಮೂರು ಶಾಸನಗಳ ಪೈಕಿ ಹೆಚ್ಚು ಸವೆದು ಹೋಗಿರೋದು ಇದೇ. ಈ ಬಂಡೆಗೆ ಊರಿನವರು ಇಟ್ಟಿದ್ದ ಹೆಸರು ಬಳೆಗಾರರ ಗುಂಡು. ಜಾತ್ರೆಯಲ್ಲಿ ಬಳೆಗಾರರು ಅಂಗಡಿ ಹೂಡುತ್ತಿದ್ದದ್ದು ಇದರ ಮೇಲೆಯೇ. ಅವರಿಗೆ ಅದು ಶಾಸನ ಅಂತ ಹೇಳಿದವರು ಯಾರೂ ಇರಲಿಲ್ಲ, ತಪ್ಪು ಅವರದ್ದಲ್ಲ. ಬ್ರಹ್ಮಗಿರಿಯ ಬಂಡೆಗೆ ಮಾತ್ರ ಅಕ್ಷರ ಗುಂಡು ಅಂತಲೇ ಹೆಸರಿತ್ತು. ಓದೋಕೆ ಬರದಿದ್ದರೂ ಅದು ಅಕ್ಷರ ಅನ್ನೋದು ಜನಕ್ಕೆ ಗೊತ್ತಿತ್ತು, ಅದಕ್ಕೆ ಮರ್ಯಾದೆಯೂ ಇತ್ತು. ಅಕ್ಷರ ಅಂತ ಗೊತ್ತಿದ್ದ ಕಲ್ಲು ಚೆನ್ನಾಗಿ ಉಳಿಯಿತು, ಗೊತ್ತಿಲ್ಲದ ಕಲ್ಲು ಸವೆಯಿತು.

ಮೊಳಕಾಲ್ಮುರು: ಬೆಟ್ಟದ ಬುಡದ ಮಗ್ಗಗಳು

ಹಾನಗಲ್‌ನಲ್ಲಿ ಹೆದ್ದಾರಿ ಬಿಟ್ಟು ತಿರುಗಿದರೆ ಸ್ವಲ್ಪ ದೂರದಲ್ಲೇ ಮೊಳಕಾಲ್ಮುರು. ಮೂರು ಕಡೆ ಗುಡ್ಡ, ಕೋಟೆಯ ಗೋಡೆಗಳು, ನುಂಕೆಮಲೆ ಬೆಟ್ಟದ ಮೇಲೆ ಸಿದ್ದೇಶ್ವರನ ಗುಡಿ. ಈ ಬೆಟ್ಟಗಳಲ್ಲಿ ಕರಡಿ, ಚಿರತೆ ಇವೆ. ಸಂಜೆ ಹೊತ್ತಿನಲ್ಲಿ, ಅದರಲ್ಲೂ ಸೀತಾಫಲದ ಕಾಲದಲ್ಲಿ, ಒಬ್ಬೊಬ್ಬರೇ ಹೋಗೋದು ಬೇಡ.

ಊರಿನ ಹೆಸರು ಹೊರಗೆ ಗೊತ್ತಿರೋದು ರೇಷ್ಮೆ ಸೀರೆಯಿಂದ. ಮೊಳಕಾಲ್ಮುರು ಸೀರೆಗೆ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಿದೆ. ಅಂದರೆ ಬೇರೆ ಕಡೆ ನೇಯ್ದ ಸೀರೆಯನ್ನು ಈ ಹೆಸರಿನಲ್ಲಿ ಮಾರುವಂತಿಲ್ಲ. ಹೂವು, ಹಣ್ಣು, ಪ್ರಾಣಿ, ದೇವಸ್ಥಾನದ ಗೋಪುರದ ಚಿತ್ರ ಬರುವ ಅಂಚು ಇದರ ಗುರುತು. ಕೊಂಡ್ಲಹಳ್ಳಿಯಲ್ಲೂ ನೇಕಾರರಿದ್ದಾರೆ. ಸೀರೆ ತಗೊಳ್ಳೋಕೆ ಬಂದವರು ಮಗ್ಗ ನೋಡಿ, ಕೈಮಗ್ಗದ್ದೋ ವಿದ್ಯುತ್ ಮಗ್ಗದ್ದೋ ಕೇಳಿ ತಿಳಿದು ತಗೊಳ್ಳೋದು ಸರಿ. ಒಂದು ಸೀರೆಗೆ ಎಷ್ಟು ದಿನದ ಕೂಲಿ ಸೇರಿದೆ ಅನ್ನೋದು ಮಗ್ಗದ ಮುಂದೆ ಕೂತಾಗಲೇ ಗೊತ್ತಾಗೋದು. ಬೆಲೆ ಚೌಕಾಶಿ ಆಮೇಲೆ.

ತಳಕು, ನಾಯಕನಹಟ್ಟಿ

ಮೊಳಕಾಲ್ಮುರಿನಿಂದ ಚಳ್ಳಕೆರೆ ಕಡೆ ಬರುವಾಗ ತಳಕು ಸಿಗುತ್ತದೆ. ಕನ್ನಡ ಪ್ರಾಧ್ಯಾಪಕ ಟಿ.ಎಸ್. ವೆಂಕಣ್ಣಯ್ಯ ಅವರ ಮನೆತನದ ಊರು. ಕುವೆಂಪು ಅವರು 'ಶ್ರೀ ರಾಮಾಯಣ ದರ್ಶನಂ' ಕೃತಿಯನ್ನು ಅರ್ಪಿಸಿರೋದು ತಮ್ಮ ಈ ಗುರುವಿಗೇ. ಚಿತ್ರದುರ್ಗದ ಕಾದಂಬರಿಗಳನ್ನು ಬರೆದ ತ.ರಾ. ಸುಬ್ಬರಾಯರೂ ಇದೇ ಮನೆತನದವರು. ಅವರ ಹೆಸರಿನ ಮೊದಲ 'ತ' ಅಂದರೆ ಈ ಊರು.

ನಾಯಕನಹಟ್ಟಿ ಗುರು ತಿಪ್ಪೇರುದ್ರಸ್ವಾಮಿಯ ಕ್ಷೇತ್ರ. ವರ್ಷಕ್ಕೊಮ್ಮೆ ನಡೆಯುವ ರಥೋತ್ಸವಕ್ಕೆ ಎರಡೂ ರಾಜ್ಯಗಳಿಂದ ಜನ ಬರ್ತಾರೆ. ಜನ ತಿಪ್ಪೇಸ್ವಾಮಿಯನ್ನು ಪವಾಡಕ್ಕೆ ನೆನೆಯುವಷ್ಟೇ ಕೆರೆ ಕಟ್ಟಿಸಿದ್ದಕ್ಕೂ ನೆನೆಯುತ್ತಾರೆ. ದುಡಿದ ಜನಕ್ಕೆ ದುಡಿದಷ್ಟೇ ಕೂಲಿ ಸಿಗುತ್ತಿತ್ತು ಅನ್ನೋ ಐತಿಹ್ಯ ಇಂದಿಗೂ ಬಾಯಲ್ಲಿದೆ. ಹೊಳೆ ನಂಬದ ಸೀಮೆಯಲ್ಲಿ ಕೆರೆ ಕಟ್ಟಿಸಿದವರು ದೇವರಾದರು ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಚಳ್ಳಕೆರೆಯಿಂದ ವೇದಾವತಿ ದಂಡೆಗೆ

ಚಳ್ಳಕೆರೆ ಶೇಂಗಾ ಎಣ್ಣೆ ಮಿಲ್ಲುಗಳ ಊರು, ಕಂಬಳಿ ವ್ಯಾಪಾರದ ಊರು. ಈಗ ಕುದಾಪುರದ ಹತ್ತಿರ ಅಮೃತಮಹಲ್ ಕಾವಲಿನಲ್ಲಿ ಬಂದಿರುವ ಭಾರತೀಯ ವಿಜ್ಞಾನ ಸಂಸ್ಥೆ, ಡಿಆರ್‌ಡಿಒ ಮುಂತಾದವುಗಳಿಂದ ವಿಜ್ಞಾನ ನಗರಿ ಅಂತಲೂ ಕರೀತಾರೆ. ಹೊಳೆ ನೋಡಬೇಕಾದವರು ಇಲ್ಲಿಂದ ಎರಡು ಕಡೆ ಹೋಗಬಹುದು.

ಬೆಳಗೆರೆ: ಹಿರಿಯೂರು ದಿಕ್ಕಿನಲ್ಲಿ ವೇದಾವತಿ ಬದಿಯ ಊರು. 'ಯೇಗ್ದಾಗೆಲ್ಲಾ ಐತೆ' ಬರೆದ ಬೆಳಗೆರೆ ಕೃಷ್ಣಶಾಸ್ತ್ರಿ, ಅವರ ಅಕ್ಕ ಕವಯಿತ್ರಿ ಬೆಳಗೆರೆ ಜಾನಕಮ್ಮ ಇಬ್ಬರದೂ ಇದೇ ಊರು. ಶಾಸ್ತ್ರಿಗಳು ಊರಲ್ಲೇ ಉಳಿದು ಶಾಲೆ ನಡೆಸಿದವರು. ಮುಕುಂದೂರು ಸ್ವಾಮಿಗಳ ಬಗೆಗಿನ ಆ ಪುಸ್ತಕದ ಹೆಸರೇ ಈ ಸೀಮೆಯ ಮಾತಿನ ಧಾಟಿಯಲ್ಲಿದೆ.

ಪರಶುರಾಂಪುರ: ಚಳ್ಳಕೆರೆಯ ಪೂರ್ವಕ್ಕೆ, ಆಂಧ್ರ ಗಡಿಯ ಕಡೆ ಇರುವ ಹೋಬಳಿ ಕೇಂದ್ರ. ಇದೇ ಭಾಗದ ನಾಗಗೊಂಡನಹಳ್ಳಿಯಲ್ಲಿ ವೇದಾವತಿ ದಂಡೆಗೆ ಚಿಲುಮೆ ರುದ್ರಸ್ವಾಮಿಗಳ ಮಠ ಇದೆ. ಚಿಲುಮೆ ಅಂದರೆ ಹೊಳೆಯ ಮರಳು ತೋಡಿದಾಗ ಉಕ್ಕುವ ನೀರು. ಮೇಲೆ ಹರಿಯದಿದ್ದರೂ ಒಳಗೆ ನೀರು ಇರ್ತದೆ ಅನ್ನೋದನ್ನು ಹಿಂದಿನವರು ಚೆನ್ನಾಗಿ ಬಲ್ಲವರಾಗಿದ್ದರು. ಮರಳು ಇದ್ದರೆ ಮಾತ್ರ ಚಿಲುಮೆ. ಮರಳು ಬಗೆದು ಲಾರಿಗೆ ತುಂಬಿದ ಕಡೆ ಮಳೆ ನೀರು ನಿಲ್ಲದೆ ಓಡುತ್ತದೆ, ದಂಡೆಯ ಬಾವಿ, ಬೋರ್‌ವೆಲ್ ಒಣಗುತ್ತವೆ.

ಗೌರಸಮುದ್ರ: ಮಾರಮ್ಮನ ಜಾತ್ರೆಗೆ ಹೆಸರಾದ ಊರು. ಶ್ರಾವಣ ಮುಗಿದ ಮೇಲೆ ನಡೆಯುವ ದೊಡ್ಡ ಜಾತ್ರೆಗೆ ಆಂಧ್ರದಿಂದಲೂ ಭಕ್ತರು ಬರ್ತಾರೆ. ತುಂಬಲು ಎಂಬ ಬಯಲಿನಲ್ಲಿ ದೇವಿಗೆ ಈರುಳ್ಳಿ ಮುಂತಾದ ಬೆಳೆ ಎರಚಿ ಹರಕೆ ತೀರಿಸೋದು ವಾಡಿಕೆ.

ಗಡಿ ದಾಟಿದರೆ ಅನಂತಪುರ ಜಿಲ್ಲೆಯ ಭೈರವಾನತಿಪ್ಪ ಜಲಾಶಯ. ನಮ್ಮ ವೇದಾವತಿಗೇ ಕಟ್ಟಿದ್ದು. ಮೇಲೆ ಮಾರಿಕಣಿವೆ, ಕೆಳಗೆ ಭೈರವಾನತಿಪ್ಪ. ನಡುವೆ ಸಿಕ್ಕಿಕೊಂಡಿರೋದು ಚಳ್ಳಕೆರೆ ತಾಲ್ಲೂಕಿನ ಹೊಳೆ ದಂಡೆ.

ಮಾರಿಕಣಿವೆ ಮತ್ತು ಕೆಳಗಿನ ಊರುಗಳು

ವಾಣಿವಿಲಾಸ ಸಾಗರ 1898ರಿಂದ 1907ರವರೆಗೆ ಕಟ್ಟಿದ ಅಣೆಕಟ್ಟು. ಸಾಮರ್ಥ್ಯ ಸುಮಾರು 30 ಟಿಎಂಸಿ. 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬಿದ್ದದ್ದು 2022ರ ಸೆಪ್ಟೆಂಬರ್‌ನಲ್ಲಿ, 89 ವರ್ಷದ ನಂತರ. 2025ರ ಜನವರಿಯಲ್ಲಿ ಮೂರನೇ ಸಲ. 2022ರಲ್ಲಿ ಕೆಳಗಿನ ಊರುಗಳ ಜನ ಹೊಳೆ ನೋಡೋಕೆ ಸೇತುವೆ ಮೇಲೆ ಸೇರಿದ್ದನ್ನು ಯಾರೂ ಮರೆತಿಲ್ಲ. ಅದೇ ವೇಳೆ ದಂಡೆಯ ಹೊಲಗಳಿಗೆ ನೀರು ನುಗ್ಗಿದ್ದೂ ನಿಜ. ದಶಕಗಟ್ಟಲೆ ಬತ್ತಿದ ಹೊಳೆಯ ಪಾತ್ರವನ್ನು ಹೊಲ ಅಂತಲೇ ತಿಳಿದಿದ್ದವರಿಗೆ ಹೊಳೆ ತನ್ನ ಜಾಗ ಯಾವುದು ಅಂತ ತೋರಿಸಿತು.

ಹೋಗುವ ಮುನ್ನ

ಕಾಲ: ಸೆಪ್ಟೆಂಬರ್‌ನಿಂದ ಜನವರಿ ಒಳ್ಳೇದು. ಹೊಳೆ ಬರುವ ಸಾಧ್ಯತೆ ಇರೋದು ಹಿಂಗಾರಿನ ಹೊತ್ತಿಗೆ. ಮಾರ್ಚ್ ನಂತರ ಬಂಡೆ ಕಾಯ್ದು ಬೆಟ್ಟ ಹತ್ತೋದು ಕಷ್ಟ.

ದಾರಿ: ಮೊದಲ ದಿನ ದೇವಸಮುದ್ರ, ಸಿದ್ದಾಪುರ, ಬ್ರಹ್ಮಗಿರಿ, ಜಟಂಗಿ ರಾಮೇಶ್ವರ ನೋಡಿ ಮೊಳಕಾಲ್ಮುರು ಸೇರಬಹುದು. ಎರಡನೇ ದಿನ ತಳಕು, ನಾಯಕನಹಟ್ಟಿ, ಚಳ್ಳಕೆರೆ, ಅಲ್ಲಿಂದ ಬೆಳಗೆರೆ ಇಲ್ಲವೇ ಪರಶುರಾಂಪುರ. ಬೈಕ್ ಅಥವಾ ಸ್ವಂತ ಗಾಡಿ ಅನುಕೂಲ. ಒಳರಸ್ತೆಗೆ ಬಸ್ಸು ಕಡಿಮೆ, ಕೊನೇ ಬಸ್ಸಿನ ಹೊತ್ತು ಮೊದಲೇ ಕೇಳಿಟ್ಟುಕೊಳ್ಳಬೇಕು.

ನೀರು, ಊಟ: ಬೆಟ್ಟಗಳ ಮೇಲೆ ಅಂಗಡಿ ನಂಬಿಕೊಂಡು ಹೋಗಬೇಡಿ. ಕುಡಿಯೋ ನೀರು ಜೊತೆಗಿರಲಿ.

ಹೊಳೆ: ಮಳೆಗಾಲದಲ್ಲಿ ಒಣ ಹೊಳೆ ಅಂತ ಒಳಗೆ ಗಾಡಿ ಇಳಿಸಬಾರದು. ಇಲ್ಲಿ ಮಳೆ ಇಲ್ಲದಿದ್ದರೂ ಮೇಲಿನ ಸೀಮೆಯ ನೀರು ಬರಬಹುದು. ಮರಳು ತೆಗೆದ ಗುಂಡಿಗಳು ನೀರು ತುಂಬಿದಾಗ ಕಾಣೋದಿಲ್ಲ, ಈಜಲು ಇಳಿಯಬಾರದು.

ಶಾಸನ: ಸುಣ್ಣ, ಎಣ್ಣೆ, ಸೀಮೆಸುಣ್ಣ ಹಚ್ಚುವುದು, ಹೆಸರು ಕೆತ್ತುವುದು ಅಪರಾಧ. ಸಂರಕ್ಷಿತ ಸ್ಮಾರಕಕ್ಕೆ ಹಾನಿ ಮಾಡಿದರೆ 2 ವರ್ಷದವರೆಗೆ ಜೈಲು ಅಥವಾ 1 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಕೇಂದ್ರದ ಸಂರಕ್ಷಿತ ಸ್ಮಾರಕದಿಂದ 100 ಮೀಟರ್‌ವರೆಗೆ ಹೊಸ ಕಟ್ಟಡ, ಗಣಿ ನಿಷೇಧ. ಅಲ್ಲಿಂದ ಮುಂದಿನ 200 ಮೀಟರ್‌ಗೆ ಅನುಮತಿ ಬೇಕು. ಹೊಲ ಉಳುವಾಗ ಹಳೇ ಮಡಕೆ, ನಾಣ್ಯ, ಕಲ್ಲಿನ ಆಯುಧ ಸಿಕ್ಕರೆ ತಾಲ್ಲೂಕು ಕಚೇರಿಗೆ ತಿಳಿಸಬೇಕು.

ಅಂಗಡಿಯವರಿಗೆ

ಬೇರೆ ಊರಿನವರು ಬಂದರೆ ಮೊದಲು ಕೇಳೋದು ಮೂರೇ: ದಾರಿ ಯಾವುದು, ಶೌಚಾಲಯ ಎಲ್ಲಿದೆ, ಊಟ ಸಿಗ್ತದಾ. ಈ ಮೂರಕ್ಕೆ ಉತ್ತರ ಇದ್ದ ಊರಲ್ಲಿ ಗಾಡಿ ನಿಲ್ಲುತ್ತದೆ. ಶೇಂಗಾ ಚಟ್ನಿ ಜೊತೆ ರೊಟ್ಟಿ, ಮುದ್ದೆ, ಕಂಬಳಿ, ಸೀರೆ ಎಲ್ಲಾ ಇಲ್ಲೇ ಇದೆ. ಹೊಸದಾಗಿ ಏನೂ ತರಬೇಕಿಲ್ಲ.

ಬಂದವರು ದಾರಿ ಕೇಳುವುದು ಅಂಗಡಿಯ ಮುಂದೆಯೇ. ಬೆಟ್ಟದ ಮೇಲೆ ಶಾಸನ ಇದೆ, ಮುಟ್ಟದೆ ನೋಡಿ ಬನ್ನಿ ಅಂತ ಅಲ್ಲಿಂದಲೇ ಹೇಳಿ ಕಳಿಸಿದರೆ ಸಾಕು. ಅಂದು ಬಳೆಗಾರರಿಗೆ ಆ ಮಾತು ಹೇಳುವವರಿರಲಿಲ್ಲ. ಇಂದು ಅದು ಗೊತ್ತಿಲ್ಲ ಅನ್ನುವ ಹಾಗಿಲ್ಲ.